ಹೈ ಸ್ಟ್ರೀಟ್ ಟ್ರಾವೆಲ್ ಏಜೆಂಟರ ಮೂಲಕ ದೂರದ ವಿಮಾನ ಟಿಕೆಟ್ ಖರೀದಿ

ಯುನೈಟೆಡ್ ಕಿಂಗ್‌ಡಮ್‌ನ ಪಟ್ಟಣಗಳಲ್ಲಿ ಮುಖ್ಯ ಅಂಗಡಿಬೀದಿಯನ್ನು ಹೈ ಸ್ಟ್ರೀಟ್ ಎಂದು ಕರೆಯಲಾಗುತ್ತದೆ. ಅಲ್ಲಿ ಮಳಿಗೆ ತೆರೆದು ವಿಮಾನದ ಟಿಕೆಟ್, ಹೋಟೆಲ್ ಕೊಠಡಿ ಹಾಗೂ ಪ್ರವಾಸಗಳನ್ನು ಮಾರುವವರು ಹೈ ಸ್ಟ್ರೀಟ್ ಟ್ರಾವೆಲ್ ಏಜೆಂಟರು. ಏಷ್ಯಾ, ಆಸ್ಟ್ರೇಲಿಯಾ ಮೊದಲಾದ ದೂರದ ಪ್ರಯಾಣಗಳಿಗೆ ಹಣ ಪಾವತಿಸಿದ ಹಲವು ತಿಂಗಳ ನಂತರ ವಿಮಾನ ಹತ್ತುವುದು ಸಾಮಾನ್ಯ. ಈ ನಡುವೆ ಏಜೆಂಟ್ ಅಥವಾ ವಿಮಾನಯಾನ ಸಂಸ್ಥೆ ದಿವಾಳಿಯಾದರೆ ಗ್ರಾಹಕರ ಹಣ ಯಾರ ಹೊಣೆ ಎಂಬುದು ಈ ವ್ಯವಹಾರದ ಮುಖ್ಯ ಪ್ರಶ್ನೆಯಾಗಿದೆ.

ಇತಿಹಾಸ

ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರ್‌ನಿಂದ ಲಫ್‌ಬರೋಗೆ ಏರ್ಪಡಿಸಿದ ರೈಲು ಪ್ರವಾಸವನ್ನು ಈ ಉದ್ಯಮದ ಆರಂಭದ ಹೆಜ್ಜೆಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. ಬ್ರಿಟಿಷ್ ಟ್ರಾವೆಲ್ ಏಜೆಂಟರ ಸಂಘವಾದ ಆಬ್ಟಾ 1950ರಲ್ಲಿ ಸ್ಥಾಪನೆಯಾಯಿತು. ಅಂತಾರಾಷ್ಟ್ರೀಯ ವಿಮಾನ ದರಗಳು ನಿಗದಿತವಾಗಿದ್ದ ಕಾಲದಲ್ಲಿ, ಖಾಲಿ ಉಳಿದ ಆಸನಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದ ಅಂಗಡಿಗಳಿಗೆ 'ಬಕೆಟ್ ಶಾಪ್' ಎಂಬ ಹೆಸರಿತ್ತು. ದೂರಪ್ರಯಾಣಗಳಿಗೆ ಹೆಸರಾದ ಟ್ರೇಲ್‌ಫೈಂಡರ್ಸ್ ಸಂಸ್ಥೆ 1970ರಲ್ಲಿ ಆರಂಭವಾಯಿತು.

ಕಾರ್ಯವಿಧಾನ

ಅಮೆಡಿಯಸ್, ಸೇಬರ್ ಮೊದಲಾದ ಗಣಕೀಕೃತ ವಿತರಣಾ ಜಾಲಗಳಲ್ಲಿ ಏಜೆಂಟರು ಆಸನ ಮತ್ತು ದರಗಳನ್ನು ಪರಿಶೀಲಿಸುತ್ತಾರೆ. ಕಾಯ್ದಿರಿಸಿದ ಆಸನಕ್ಕೆ ಆರು ಅಕ್ಷರ ಅಥವಾ ಅಂಕಿಗಳ ಗುರುತು ಸಂಕೇತ ದೊರೆಯುತ್ತದೆ. ಟಿಕೆಟ್‌ನಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೆ ಹೊಂದಿಕೆಯಾಗಬೇಕು. ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿದ್ದು, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ, ಬದಲಿ ವ್ಯವಸ್ಥೆ ಸಾಮಾನ್ಯವಾಗಿ ವಿಮಾನಯಾನ ಸಂಸ್ಥೆಯ ಹೊಣೆ. ಬೇರೆ ಬೇರೆಯಾಗಿ ಕೊಂಡ ಟಿಕೆಟ್‌ಗಳಿಗೆ ಈ ಅನುಕೂಲವಿಲ್ಲ. ದಿನಾಂಕ ಬದಲಾವಣೆ, ಹಣ ವಾಪಸಾತಿಗಳು ಹೆಚ್ಚಾಗಿ ಟಿಕೆಟ್ ನೀಡಿದ ಏಜೆಂಟರ ಮೂಲಕವೇ ನಡೆಯುತ್ತವೆ. ಅದಕ್ಕೆ ಅವರು ಪ್ರತ್ಯೇಕ ಶುಲ್ಕ ವಿಧಿಸಬಹುದು.

ಹಣದ ರಕ್ಷಣೆ

ನಾಗರಿಕ ವಿಮಾನಯಾನ ಪ್ರಾಧಿಕಾರ ನೀಡುವ 'ಅಟಾಲ್' ಪರವಾನಗಿ 1973ರಲ್ಲಿ ಜಾರಿಗೆ ಬಂದಿತು. 1974ರ ಆಗಸ್ಟ್‌ನಲ್ಲಿ ಕೋರ್ಟ್ ಲೈನ್ ಸಮೂಹ ಕುಸಿದಾಗ ಸಾವಿರಾರು ಪ್ರವಾಸಿಗರು ವಿದೇಶಗಳಲ್ಲಿ ಸಿಲುಕಿದರು. ಮರುವರ್ಷ ಮೀಸಲು ನಿಧಿ ಸ್ಥಾಪಿಸುವ ಕಾಯ್ದೆ ಬಂದಿತು. ಈಗಿನ ವ್ಯವಸ್ಥೆಯಲ್ಲಿ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ 2.50 ಪೌಂಡ್ ನಿಧಿಗೆ ಸೇರುತ್ತದೆ. 2012ರಿಂದ ರಕ್ಷಣೆಯುಳ್ಳ ಖರೀದಿಗೆ ಅಟಾಲ್ ಪ್ರಮಾಣಪತ್ರ ನೀಡುವುದು ಕಡ್ಡಾಯವಾಗಿದೆ.

ಆದರೆ ಮಳಿಗೆಯಲ್ಲಿ ಕೊಂಡದ್ದೆಲ್ಲವೂ ರಕ್ಷಿತವಲ್ಲ. ವಿಮಾನ ಮತ್ತು ವಸತಿ ಸೇರಿದ ಪ್ಯಾಕೇಜ್‌ಗೆ ರಕ್ಷಣೆಯಿದೆ. ಕೇವಲ ವಿಮಾನ ಟಿಕೆಟ್ ಕೊಂಡು, ಹಣ ಕೊಟ್ಟ ತಕ್ಷಣ ವಿಮಾನಯಾನ ಸಂಸ್ಥೆಯ ಸಿಂಧುವಾದ ಟಿಕೆಟ್ ಕೈಸೇರಿದರೆ ಅಟಾಲ್ ಸಾಮಾನ್ಯವಾಗಿ ಅನ್ವಯಿಸದು. ಬಳಿಕ ಆ ಸಂಸ್ಥೆಯೇ ದಿವಾಳಿಯಾದರೆ ನಿಧಿಯಿಂದ ಪರಿಹಾರ ಸಿಗುವುದಿಲ್ಲ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನಂತೆ 100 ಪೌಂಡ್‌ಗಿಂತ ಹೆಚ್ಚಿನ, 30,000 ಪೌಂಡ್ ಮೀರದ ಖರೀದಿಗಳಲ್ಲಿ ಕ್ರೆಡಿಟ್ ಕಾರ್ಡ್ ನೀಡಿದ ಸಂಸ್ಥೆಯೂ ಹೊಣೆಯಾಗುತ್ತದೆ. ಏಜೆಂಟ್ ಮಧ್ಯವರ್ತಿಯಾಗಿದ್ದಾಗ ಈ ಹಕ್ಕು ಎಲ್ಲ ಸಂದರ್ಭಗಳಲ್ಲೂ ದೊರೆಯುವುದಿಲ್ಲ.

ಥಾಮಸ್ ಕುಕ್ ಪತನ

2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಸಮೂಹ ವಹಿವಾಟು ನಿಲ್ಲಿಸಿದಾಗ ಅದರ ಸುಮಾರು 1.5 ಲಕ್ಷ ಗ್ರಾಹಕರು ಬ್ರಿಟನ್ನಿನ ಹೊರಗಿದ್ದರು. 'ಆಪರೇಷನ್ ಮ್ಯಾಟರ್‌ಹಾರ್ನ್' ಕಾರ್ಯಾಚರಣೆಯಲ್ಲಿ ಪ್ರಾಧಿಕಾರವು ಅವರನ್ನು ಮರಳಿ ಕರೆತಂದಿತು. ಸಮೂಹದ 555 ಮಳಿಗೆಗಳನ್ನು ಹೇಸ್ ಟ್ರಾವೆಲ್ ಖರೀದಿಸಿತು. ಭಾರತದ ಥಾಮಸ್ ಕುಕ್ (ಇಂಡಿಯಾ) 2012ರಲ್ಲಿಯೇ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಪಾಲಾಗಿದ್ದುದರಿಂದ, ಹೆಸರು ಒಂದೇ ಆಗಿದ್ದರೂ ಅದರ ವ್ಯವಹಾರ ಮುಂದುವರಿಯಿತು.