ಮುಳ್ಳು ಸುಳ್ಳು ಹೇಳಿದಾಗ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ– ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳು ರಸ್ತೆಯನ್ನೇ ನೆಚ್ಚಿ ಬದುಕಿದ ಸೀಮೆ. ಸೋಲಾಪುರ–ಗದಗ ರೈಲು ಮಾರ್ಗ 19ನೇ ಶತಮಾನದಲ್ಲೇ ಬಂತು. ಆದರೆ ಇಂಡಿ ಮತ್ತು ಬಾಗೇವಾಡಿಯ ಹೆಸರು ಹೊತ್ತ ನಿಲ್ದಾಣಗಳು ಆ ಊರುಗಳಿಂದ ದೂರವೇ ಉಳಿದವು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಬರಲೇ ಇಲ್ಲ. ಎರೆನೆಲದ ನಡುವಿನ ಉದ್ದನೆಯ ದಾರಿಯಲ್ಲಿ ವಾಹನ ಓಡಿಸುವವನಿಗೆ ಎದುರಿನ ಫಲಕದ ಸಣ್ಣ ಮುಳ್ಳೊಂದು ದೊಡ್ಡ ಭರವಸೆ. ಅದು ‘ಅರ್ಧ ಟ್ಯಾಂಕ್’ ಎನ್ನುತ್ತಿರುವಾಗಲೇ ಗಾಡಿ ನಿಂತುಬಿಟ್ಟರೆ? ಒಳಗೆ ಆಸ್ಪತ್ರೆಗೆ ಹೊರಟ ರೋಗಿಯಿದ್ದರೆ ಅದು ಬರಿಯ ರಿಪೇರಿಯ ಮಾತಾಗಿ ಉಳಿಯುವುದಿಲ್ಲ.

ಮೋಟಾರು ಯುಗದ ಆರಂಭದಲ್ಲಿ ಈ ಮುಳ್ಳು ಇರಲಿಲ್ಲ. ಹೆನ್ರಿ ಫೋರ್ಡ್ 1908ರಲ್ಲಿ ಹೊರತಂದ ‘ಮಾಡೆಲ್ ಟಿ’ ಕಾರು 1927ರ ವೇಳೆಗೆ ಒಂದೂವರೆ ಕೋಟಿ ದಾಟಿತು. ಆ ಕಾರುಗಳ ಟ್ಯಾಂಕು ಹೆಚ್ಚಾಗಿ ಮುಂದಿನ ಸೀಟಿನ ಕೆಳಗೇ ಇರುತ್ತಿತ್ತು. ಸೀಟು ಎತ್ತಿ, ಮುಚ್ಚಳ ತೆಗೆದು, ಗುರುತು ಹಾಕಿದ ಮರದ ಕೋಲು ಅದ್ದಿ ನೋಡುವುದೇ ಪದ್ಧತಿ. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯಬೇಕಿತ್ತಾದ್ದರಿಂದ, ಟ್ಯಾಂಕಿನಲ್ಲಿ ತಳದಷ್ಟೇ ಉಳಿದಾಗ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತಬೇಕಾಗುತ್ತಿತ್ತು! ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ 1960ರ ದಶಕದ ಆರಂಭದವರೆಗೂ ಮಾಪಕ ಇರಲಿಲ್ಲ. ಎಂಜಿನ್ ತೊದಲಿದಾಗ ಕಾಲಬುಡದ ಕೀಲು ತಿರುಗಿಸಿ ಕಾದಿಟ್ಟ ಇಂಧನ ಬಳಸಬೇಕಿತ್ತು. ‘ರಿಸರ್ವ್‌ಗೆ ಬಂತು’ ಎನ್ನುತ್ತ ಸ್ಕೂಟರನ್ನು ಓರೆ ಮಾಡಿ ಕೊನೆಯ ಹನಿ ಹಿಂಡಿದವರಿಗೆ ಇದು ಹೊಸದೇನಲ್ಲ.

ಈ ಕೋಲಿನ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿದ್ದೇ ಇಂಧನ ಮಾಪಕ. ಟ್ಯಾಂಕಿನೊಳಗೆ ಒಂದು ಬೆಂಡು ತೇಲುತ್ತದೆ. ಅದರ ತೋಳು ಏರಿಳಿದಂತೆ ವಿದ್ಯುತ್ತಿನ ಹರಿವಿಗೆ ಎದುರಾಗುವ ತಡೆ ಬದಲಾಗುತ್ತದೆ. ಫಲಕದ ಮುಳ್ಳು ಆ ಬದಲಾವಣೆಯನ್ನು ತೋರಿಸುತ್ತದೆ. ಹಲವು ಹಳೆಯ ಕಾರುಗಳಲ್ಲಿ ಮುಳ್ಳನ್ನು ಸರಿಸುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ವಿದ್ಯುತ್ ಹರಿದು ಬಿಸಿಯಾದಾಗ ಅದು ಬಾಗುತ್ತದೆ. ಆದ್ದರಿಂದಲೇ ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಏಳುತ್ತದೆ, ಕುಲುಕಾಟಕ್ಕೆ ಸುಲಭವಾಗಿ ಅಲುಗುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಬೆಂಡು ಅಳೆಯುವುದು ಎತ್ತರವನ್ನು, ಪರಿಮಾಣವನ್ನಲ್ಲ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿಯ ಜಲಾಶಯವನ್ನೇ ನೋಡಿ. ಅದರ ಪೂರ್ಣ ಮಟ್ಟ 519.60 ಮೀಟರ್; ಆಗ ಸಂಗ್ರಹ 123.08 ಟಿಎಂಸಿ ಅಡಿ. ಮೇಲಿನ ಒಂದು ಮೀಟರಿನಲ್ಲಿ ನಿಲ್ಲುವಷ್ಟು ನೀರು ತಳದ ಒಂದು ಮೀಟರಿನಲ್ಲಿ ನಿಲ್ಲದು. ಕಾರಿನ ಟ್ಯಾಂಕೂ ಸೊಟ್ಟ ಆಕಾರದ್ದೇ. ಮೊದಲರ್ಧ ನಿಧಾನವಾಗಿ ಇಳಿದ ಮುಳ್ಳು ಕೊನೆಯರ್ಧ ಬೇಗ ಇಳಿದರೆ ಅದನ್ನು ಕೆಟ್ಟಿದೆ ಎನ್ನಬೇಕಾಗಿಲ್ಲ.

ನಿಜಕ್ಕೂ ಕೆಟ್ಟಿದ್ದರೆ? ಹೊಸ ಮೀಟರು ಕೊಳ್ಳುವ ಮೊದಲು ಹುಡುಕಾಟಕ್ಕೊಂದು ಕ್ರಮ ಬೇಕು. ಇಂಧನದ ಮುಳ್ಳಿನ ಜೊತೆ ಎಂಜಿನ್ ಬಿಸಿ ತೋರಿಸುವ ಮುಳ್ಳೂ ದಾರಿ ತಪ್ಪಿದ್ದರೆ ಎರಡಕ್ಕೂ ಸಮನಾದ ಮೂಲವನ್ನು, ಅಂದರೆ ಫ್ಯೂಸನ್ನೋ ವೋಲ್ಟೇಜ್ ಸ್ಥಿರವಾಗಿಡುವ ಪುಟ್ಟ ಪೆಟ್ಟಿಗೆಯನ್ನೋ ಶಂಕಿಸಬೇಕು. ಇಂಧನದ ಮುಳ್ಳು ಮಾತ್ರ ಕೆಟ್ಟಿದ್ದರೆ ಟ್ಯಾಂಕಿನತ್ತ ಹೋಗಬೇಕು. ಅಲ್ಲಿನ ತಂತಿ ಬಿಡಿಸಿದಾಗ ಮುಳ್ಳು ಒಂದು ತುದಿಗೂ, ಅದೇ ತಂತಿಯನ್ನು ಗಾಡಿಯ ಲೋಹಕ್ಕೆ ಕ್ಷಣಕಾಲ ತಾಗಿಸಿದಾಗ ಇನ್ನೊಂದು ತುದಿಗೂ ಹೋದರೆ ಮೀಟರು, ತಂತಿ ಎರಡೂ ಸರಿ. ದೋಷ ಟ್ಯಾಂಕಿನೊಳಗೆ ಅಥವಾ ಅದರ ಅರ್ಥಿಂಗ್‌ನಲ್ಲಿ. ಮುಳ್ಳು ಅಲುಗದಿದ್ದರೆ ದೋಷ ತಂತಿಯಲ್ಲೋ ಮೀಟರಿನಲ್ಲೋ ಇದೆ. ತುಕ್ಕು ಹಿಡಿದ ಅರ್ಥಿಂಗ್ ತಿಕ್ಕಿ ಬಿಗಿ ಮಾಡಿದರೇ ಸಾಕಾಗುವ ಸಂದರ್ಭಗಳೂ ಉಂಟು. ಟ್ಯಾಂಕ್ ತುಂಬಿದ್ದರೂ ಮುಳ್ಳು ಮೇಲೇಳದಿದ್ದರೆ ಬೆಂಡು ತೂತಾಗಿ ಮುಳುಗಿರಬಹುದು. ಒಂದೇ ಜಾಗದಲ್ಲಿ ಮುಳ್ಳು ಸರಕ್ಕನೆ ಬೀಳುತ್ತಿದ್ದರೆ ತೋಳು ಉಜ್ಜುವ ಪಟ್ಟಿ ಅಲ್ಲಿ ಸವೆದಿರುತ್ತದೆ.

ಆದರೆ ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ತಂತಿ ತಾಗಿಸುವುದನ್ನು ತೆರೆದ ಟ್ಯಾಂಕಿನ ಬಳಿ ಎಂದೂ ಮಾಡಬಾರದು. ಬೀಡಿ, ಬೆಂಕಿಕಡ್ಡಿಗಳು ಹತ್ತಿರ ಸುಳಿಯಲೂ ಕೂಡದು. ಇಂಧನದ ಲೆಕ್ಕವನ್ನು ಗಣಕವೇ ಹಾಕುವ ಈಗಿನ ಕಾರುಗಳಿಗೆ ಈ ಪರೀಕ್ಷೆ ಸಲ್ಲದು. ಅವಕ್ಕೆ ತಿಳಿದ ಮೆಕ್ಯಾನಿಕ್ಕೇ ಗತಿ.

ಕೆಟ್ಟ ಮುಳ್ಳಿನಿಂದ ಇನ್ನೊಂದು ಅನ್ಯಾಯವೂ ಆಗುತ್ತದೆ. ಐನೂರು ರೂಪಾಯಿಯ ಇಂಧನ ಹಾಕಿಸಿದರೂ ಮುಳ್ಳು ಏಳದಿದ್ದಾಗ ಜಗಳ ನಡೆಯುವುದು ಬಂಕಿನ ಹುಡುಗನ ಜೊತೆ. ಅವನು ಕಳ್ಳನೋ, ಮುಳ್ಳು ಸುಳ್ಳುಗಾರನೋ ಎಂಬುದನ್ನು ತೀರ್ಮಾನಿಸಲು ದಾರಿಯಿದೆ. ಪ್ರತಿ ಬಂಕಿನಲ್ಲೂ ಸರ್ಕಾರಿ ಮುದ್ರೆಯ ಐದು ಲೀಟರ್ ಅಳತೆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಬಂಕಿನವರೂ ನೆಲದಡಿಯ ತಮ್ಮ ಟ್ಯಾಂಕಿಗೆ ಅಳತೆಗೋಲು ಇಳಿಸಿ, ತೇವದ ಗುರುತನ್ನು ಕೋಷ್ಟಕದೊಡನೆ ಹೋಲಿಸಿ ದಾಸ್ತಾನು ಲೆಕ್ಕ ಹಾಕುತ್ತಾರೆ. ನೂರು ವರ್ಷಗಳ ಹಿಂದಿನ ಕೋಲು ಅಲ್ಲಿ ಇನ್ನೂ ಕೆಲಸದಲ್ಲಿದೆ. ಮುಳ್ಳು ರಿಪೇರಿಯಾಗುವ ತನಕ ವಾಹನದ ಯಜಮಾನನಿಗೂ ಅಂಥದೇ ನೇರ ಲೆಕ್ಕ ಬೇಕು: ಹಾಕಿಸಿದ ಲೀಟರ್ ಎಷ್ಟು, ಓಡಿದ ಕಿಲೋಮೀಟರ್ ಎಷ್ಟು ಎಂದು ಬರೆದಿಟ್ಟು, ದೂರದ ದಾರಿ ಹಿಡಿಯುವ ಮುನ್ನ ಒಮ್ಮೆ ಕೂಡಿಸಿ ನೋಡುವುದು.