ಉಮಾಶ್ರೀ: ಸಾಕವ್ವನಿಂದ ಪುಟ್ಟಕ್ಕನವರೆಗೆ

ಕನ್ನಡ ರಂಗಭೂಮಿ, ಚಲನಚಿತ್ರ ಹಾಗೂ ಕಿರುತೆರೆ ಈ ಮೂರೂ ಕ್ಷೇತ್ರಗಳಲ್ಲಿ ನಾಲ್ಕು ದಶಕಗಳಿಗೂ ಮಿಕ್ಕಿ ದುಡಿದಿರುವ ಹಿರಿಯ ಅಭಿನೇತ್ರಿ ಶ್ರೀಮತಿ ಉಮಾಶ್ರೀಯವರು ಜನಿಸಿದ್ದು 1957ರ ಮೇ 10ರಂದು, ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಶ್ರೀ ಕಾಡಸಿದ್ಧೇಶ್ವರ ಮಠದಿಂದಾಗಿ ಈ ಊರಿನ ಹೆಸರು ನಮ್ಮ ಭಕ್ತಾದಿಗಳಿಗೂ ಪರಿಚಿತವೇ. ನಾಯಕಿಯ ಸುತ್ತ ಹೆಣೆದ ಕಥೆಗಳಲ್ಲಿ ಬದಿಗೆ ನಿಲ್ಲುವ ಹೆಂಗಸರು ಇವರ ಪಾಲಿಗೆ ಬಂದದ್ದೇ ಹೆಚ್ಚು: ಮನೆಗೆಲಸದಾಕೆ, ಜಗಳಗಂಟಿ, ಸೂಲಗಿತ್ತಿ, ಅಜ್ಜಿ, ಗಂಡ ಬಿಟ್ಟ ತಾಯಿ. ಚಿತ್ರರಂಗದವರು ಇಂಥವನ್ನು ಪೋಷಕ ಪಾತ್ರಗಳೆನ್ನುತ್ತಾರೆ. ಕಥೆಯನ್ನು ಪೋಷಿಸುವವರು ಯಾರೆಂಬುದನ್ನು ಈ ಹೆಸರೇ ಹೇಳುತ್ತದೆಯಾದರೂ ಫಲಕದಲ್ಲಿ ಅವರ ಹೆಸರಿಗೆ ಸಿಗುವ ಜಾಗ ಮಾತ್ರ ಕೆಳಗಿನದು.

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಸೀಮೆಯ ಜನರಿಗೆ ನಟಿಯೊಬ್ಬಳ ಬದುಕೆಂದರೆ ದೂರದ ಸಂಗತಿಯಲ್ಲ. ಜಾತ್ರೆ ಬಂತೆಂದರೆ ಊರಿನ ತರುಣರು ನಾಟಕ ಕಲಿಯುವುದು, ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ಇಲ್ಲಿ ಇಂದಿಗೂ ಉಳಿದಿರುವ ವಾಡಿಕೆ. ಪಕ್ಕದ ಮರಿಯಮ್ಮನಹಳ್ಳಿ ಇಂಥ ಕಲಾವಿದೆಯರ ಊರೆಂದೇ ಹೆಸರಾದುದು. ಅಲ್ಲಿಯ ಕೆ. ನಾಗರತ್ನಮ್ಮನವರಿಗೆ 2012ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸಂದಿದೆ. ರಾತ್ರಿಯಿಡೀ ಮುಂದಿನ ಸಾಲಿನಲ್ಲಿ ಕುಳಿತು ಶಿಳ್ಳೆ ಹೊಡೆದವರೇ ಬೆಳಗಾದ ಮೇಲೆ ‘ನಾಟಕದಾಕಿ’ ಎಂದು ಮೂಗು ಮುರಿಯುವುದನ್ನೂ ನಾವು ಬಲ್ಲೆವು. ಉಮಾಶ್ರೀಯವರ ಕಲಾಯಾನವನ್ನು ಪರಿಶೀಲಿಸುವಾಗ ಈ ಎರಡು ನಾಲಿಗೆಯ ಮಾತನ್ನು ಮರೆಯಲಾಗದು, ಏಕೆಂದರೆ ಬಹುಕಾಲ ಅವರು ಎದುರಿಸಿದ್ದೂ ಇದನ್ನೇ.

ಅವರ ಹೆಸರನ್ನು ಹವ್ಯಾಸಿ ರಂಗಭೂಮಿಯಲ್ಲಿ ಭದ್ರಪಡಿಸಿದ್ದು ‘ಒಡಲಾಳ’. ದೇವನೂರ ಮಹಾದೇವ ಅವರ ಈ ಕಥನವನ್ನು ರಂಗಕ್ಕೆ ತಂದವರು ಸಿ.ಜಿ. ಕೃಷ್ಣಸ್ವಾಮಿ, ಅಂದರೆ ಸಾಣೇಹಳ್ಳಿಯ ರಂಗಚಟುವಟಿಕೆಗಳ ಮೂಲಕ ನಮ್ಮವರಿಗೆ ಚಿರಪರಿಚಿತರಾದ ಸಿಜಿಕೆ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಕೇರಿಯನ್ನೆಲ್ಲ ಜಾಲಾಡುವ ಮುದುಕಿ ಸಾಕವ್ವ, ಕದ್ದು ತಂದ ಕಡಲೆಕಾಯಿಯನ್ನು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುವ ಹಸಿದ ಮನೆ, ಬೆಳಗಾದರೆ ಬಾಗಿಲಿಗೆ ಬರುವ ಪೊಲೀಸರು: ಕಥೆಯೆಂದರೆ ಇಷ್ಟೇ. ಸಾಕವ್ವನ ಪಾತ್ರ ವಹಿಸಿದಾಗ ಉಮಾಶ್ರೀಯವರಿನ್ನೂ ಯುವತಿ. ಬೆನ್ನು ಬಾಗಿಸಿ, ಧ್ವನಿ ನಡುಗಿಸಿದ ಮಾತ್ರಕ್ಕೆ ಮುದುಕಿಯಾಗಲು ಬರುವುದಿಲ್ಲ. ಆ ಬಗೆಯ ಮುದುಕಿಯರನ್ನು ಶಾಲಾ ವಾರ್ಷಿಕೋತ್ಸವಗಳಲ್ಲಿ ನಾವು ಬೇಕಾದಷ್ಟು ಕಂಡಿದ್ದೇವೆ. ಹಸಿವು ಮನುಷ್ಯರ ಮಾತಿಗೆ ಕೊಡುವ ಹರಿತ, ಬೈಗುಳದ ಒಳಗೇ ಅಡಗಿರುವ ಅಂತಃಕರಣ, ಮೈಸೂರು ಸೀಮೆಯ ದಲಿತ ಕೇರಿಯ ಆಡುನುಡಿಯ ಏರಿಳಿತ ಇವೆಲ್ಲವೂ ಒಂದೇ ದೇಹದಲ್ಲಿ ಕೂಡಿಬರಬೇಕು. ಸಾಕವ್ವನೆಂದರೆ ಉಮಾಶ್ರೀ ಎನ್ನುವ ಮಟ್ಟಿಗೆ ಆ ಪಾತ್ರವೂ ಪಾತ್ರಧಾರಿಯೂ ಒಂದಾದರು. ಅವರ ಮುಂದಿನ ಎಲ್ಲ ಒಳ್ಳೆಯ ಪಾತ್ರಗಳ ಬೇರು ಈ ನಾಟಕದಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಚಲನಚಿತ್ರರಂಗ ಅವರನ್ನು ಗುರುತಿಸಿದ ಬಗೆ ಬೇರೆ. ಕಾಶೀನಾಥ್ ನಿರ್ದೇಶನದ ‘ಅನುಭವ’ (1984) ಜನರ ಬಾಯಲ್ಲಿ ನಿಂತಿತು. ದಿಟ್ಟ ವಸ್ತುವಿನ ಕಾರಣಕ್ಕೆ ಟೀಕೆಗೂ ಗುರಿಯಾಯಿತು. ಅಲ್ಲಿಂದ ಮುಂದೆ ನಿರ್ಮಾಪಕರಿಗೆ ಉಮಾಶ್ರೀ ಎಂದರೆ ಹಾಸ್ಯ, ಅದರಲ್ಲೂ ದ್ವಂದ್ವಾರ್ಥದ ಹಾಸ್ಯ. ಎನ್.ಎಸ್. ರಾವ್ ಮೊದಲಾದ ಹಾಸ್ಯನಟರ ಜೋಡಿಯಾಗಿ ಚಿತ್ರದಿಂದ ಚಿತ್ರಕ್ಕೆ ಅದೇ ಬಗೆಯ ಸನ್ನಿವೇಶಗಳು ಬಂದವು. ಆ ಸಂಭಾಷಣೆಗಳಲ್ಲಿ ಹಲವು ಮನೆಮಂದಿಯೊಂದಿಗೆ ಕುಳಿತು ಕೇಳುವಂಥವಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವುಗಳನ್ನು ಬರೆದವರು, ಚಿತ್ರಿಸಿದವರು, ಟಿಕೆಟು ಕೊಂಡು ನಕ್ಕವರು ಇವರೆಲ್ಲರ ಹೆಸರು ಮರೆಯಾಗಿ, ನುಡಿದವಳೊಬ್ಬಳ ತಲೆಗೇ ಅಪವಾದ ಸುತ್ತಿಕೊಂಡದ್ದು ನ್ಯಾಯವೇ?

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಇಬ್ಬರು ಶರಣರನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಬಹುರೂಪಿ ಚೌಡಯ್ಯನವರ ಕಾಯಕ ವೇಷ ಧರಿಸಿ ಆಡುವುದು. ನಗೆಯ ಮಾರಿತಂದೆಯವರದು ಜನರನ್ನು ನಗಿಸುವುದು. ವೇಷಕಟ್ಟುವವನನ್ನೂ ನಗಿಸುವವನನ್ನೂ ಶರಣರ ಸಮೂಹ ತನ್ನ ಸರಿಸಮಾನರೆಂದು ಕೂರಿಸಿಕೊಂಡಿತು, ಅವರ ವಚನಗಳನ್ನು ಕಾಪಾಡಿತು. ಹೊಟ್ಟೆಪಾಡಿಗೆ ಬಣ್ಣ ಹಚ್ಚಿದ ಹೆಣ್ಣುಮಗಳ ವಿಷಯದಲ್ಲಿ ಅವರ ವಾರಸುದಾರರಾದ ನಾವು ಅಷ್ಟು ಧಾರಾಳಿಗಳಾಗಿದ್ದೇವೆಯೇ ಎಂಬ ಪ್ರಶ್ನೆ ಉಳಿದೇ ಇದೆ.

ನಮ್ಮ ಭಾಗದ ಓದುಗರಿಗೆ ಉಮಾಶ್ರೀಯವರನ್ನು ಹತ್ತಿರಕ್ಕೆ ತಂದ ಚಿತ್ರ ‘ಕೊಟ್ರೇಶಿ ಕನಸು’ (1994). ಕೊಟ್ಟೂರಿನಲ್ಲೇ 1953ರಲ್ಲಿ ಜನಿಸಿ, ಆಂಧ್ರದ ಗಡಿಯ ಹಳ್ಳಿಗಳಲ್ಲಿ ಶಿಕ್ಷಕರಾಗಿದ್ದು, ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ ಚಿತ್ರವಾಗಿಸಿದರು. ಓದುವ ಹಂಬಲ ಹೊತ್ತ ದಲಿತ ಬಾಲಕನ ಮೇಲೆ ಊರು ಹೇಗೆ ಎರಗುತ್ತದೆಂಬುದು ಕಥೆಯ ತಿರುಳು. ಬಾಲಕನಾಗಿ ಅಭಿನಯಿಸಿದ ವಿಜಯ ರಾಘವೇಂದ್ರ ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ದೊರೆಯಿತು. ಚಿತ್ರವೂ ಕನ್ನಡದ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಬಾಲಕನ ಸುತ್ತಲಿನ ಬಡ ಜಗತ್ತನ್ನು ಕಟ್ಟಿಕೊಟ್ಟವರಲ್ಲಿ ಕರಿಬಸವಯ್ಯ ಹಾಗೂ ಉಮಾಶ್ರೀ ಪ್ರಮುಖರು. ಹರಿಕಥೆಯಿಂದ ರಂಗಕ್ಕೆ, ರಂಗದಿಂದ ಚಿತ್ರಕ್ಕೆ ಬಂದ ಕರಿಬಸವಯ್ಯನವರು 2012ರಲ್ಲಿ ಅಕಾಲಿಕವಾಗಿ ನಮ್ಮನ್ನಗಲಿದರು. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ಗಮನಿಸಬೇಕಾದ್ದು ಬಾಲಕನ ಹೆಸರು. ನಮ್ಮ ಸೀಮೆಯಲ್ಲಿ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ ಎಂಬ ಹೆಸರುಗಳು ಯಾವುದೇ ಒಂದು ಜಾತಿಯ ಸೊತ್ತಲ್ಲ. ಶ್ರೀ ಗುರು ಕೊಟ್ಟೂರೇಶ್ವರರ ಹೆಸರನ್ನು ಹೊತ್ತ ಮಗುವನ್ನೇ ಅದೇ ಸ್ವಾಮಿಯ ಭಕ್ತರ ಊರು ಹೊರಗಿಡುವುದಾದರೆ ಏನೆನ್ನಬೇಕು? ಕುಂವೀಯವರು ಯೋಚಿಸಿಯೇ ಇಟ್ಟ ಹೆಸರಿರಬೇಕು ಅದು.

ಮರುವರ್ಷವೇ ಬಂದ ‘ಪುಟ್ನಂಜ’ (1995) ಸಂಪೂರ್ಣ ಜನಪ್ರಿಯ ಮಾದರಿಯದು. ರವಿಚಂದ್ರನ್ ನಾಯಕ, ನಿರ್ದೇಶಕ. ಅವನ ಅಜ್ಜಿ ಪುಟ್ಮಲ್ಲಿಯಾಗಿ 38 ವರ್ಷದ ಉಮಾಶ್ರೀ. ಸಾಕವ್ವನಿಗಾಗಿ ಕಲಿತ ವಿದ್ಯೆ ಇಲ್ಲಿ ಟೆಂಟು ಟಾಕೀಸಿನ ಪ್ರೇಕ್ಷಕರಿಗೂ ಮುಟ್ಟಿತು. ಜಂಬದ, ಗತ್ತಿನ, ಮೊಮ್ಮಗನ ಮೇಲೆ ಪ್ರಾಣವಿಟ್ಟ ಆ ಮುದುಕಿ ನಾಯಕಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದ್ದಾಳೆ ಎಂದರೆ ಅನೇಕರು ಒಪ್ಪಿಯಾರು.

ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಅವರ ವೃತ್ತಿಜೀವನದ ಶಿಖರ. ಮೂಲಕಥೆ ವೈದೇಹಿಯವರದು. ಕುಂದಾಪುರದ ಕಡೆಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ಆಸುಪಾಸಿನ ದಿನಗಳಲ್ಲಿ ನಡೆಯುವಂತೆ ಕಾಸರವಳ್ಳಿಯವರು ಅದನ್ನು ಮಾರ್ಪಡಿಸಿಕೊಂಡರು. ಗುಲಾಬಿ ಮುಸ್ಲಿಂ ಸೂಲಗಿತ್ತಿ. ಗಂಡ ಬೇರೊಂದು ಸಂಸಾರ ಹೂಡಿದ್ದಾನೆ. ಸಿನಿಮಾ ಎಂದರೆ ಅವಳಿಗೆ ಊಟ-ನಿದ್ರೆ ಬೇಡ. ಕಷ್ಟದ ಹೆರಿಗೆಯೊಂದನ್ನು ಮಾಡಿಸಿಕೊಟ್ಟ ಋಣಕ್ಕೆ ಶ್ರೀಮಂತರ ಮನೆಯವರಿಂದ ಡಿಶ್ ಸಹಿತವಾದ ಟಿ.ವಿ. ಅವಳ ಗುಡಿಸಲಿಗೆ ಬರುತ್ತದೆ. ಅದುವರೆಗೆ ಅವಳ ಹೊಸಿಲು ತುಳಿಯದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಕೆಲಕಾಲ ಆ ಗುಡಿಸಲು ಜಾತಿ-ಮತ ಕೇಳದ ಕೂಟವಾಗುತ್ತದೆ. ಬಳಿಕ ಊರಿನಲ್ಲಿ ಸಂಶಯದ ಗಾಳಿ ಬೀಸುತ್ತದೆ. ಎಷ್ಟೋ ಶಿಶುಗಳನ್ನು ಭೂಮಿಗೆ ತಂದ ಕೈಗಳನ್ನೇ ಊರು ಹೊರದಬ್ಬುತ್ತದೆ.

ಈ ಪಾತ್ರದಲ್ಲಿ ಉಮಾಶ್ರೀ ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದು ದೊಡ್ಡದು. ಹಾಸ್ಯ ಚಿತ್ರಗಳಲ್ಲಿ ಏರುದನಿ, ಕಣ್ಣು-ಹುಬ್ಬುಗಳ ಕುಣಿತ, ಕೈಬೀಸು ಇವನ್ನೇ ಅವರಿಂದ ಬಯಸಲಾಗುತ್ತಿತ್ತು. ಗುಲಾಬಿಯಲ್ಲಿ ಅವೆಲ್ಲ ಅಡಗಿವೆ. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ಅರಳುವ ಮಗುವಿನಂಥ ಬೆರಗು, ಗಂಡನ ಮಾತು ಬಂದಾಗ ಕಣ್ಣು ತಗ್ಗಿಸುವ ಒಂದು ಕ್ಷಣ, ಇಷ್ಟರಿಂದಲೇ ಕೆಲಸ ಸಾಗುತ್ತದೆ. ರಂಗದ ಮೇಲೆ ನಟಿ ಕೊನೆಯ ಸಾಲಿನ ಕಿವಿಗೂ ಮುಟ್ಟಬೇಕು. ಕ್ಯಾಮರಾದ ಮುಂದೆ ಮನಸ್ಸಿನಲ್ಲಿ ಎಣಿಸಿದ್ದೂ ಕಂಡುಬಿಡುತ್ತದೆ. ಎರಡೂ ಬಲ್ಲವರು ವಿರಳ. 2007ನೆಯ ಸಾಲಿನ, ಅಂದರೆ 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಉಮಾಶ್ರೀಯವರಿಗೆ ಸಂದಿತು. ಕನ್ನಡ ಚಿತ್ರದ ಅಭಿನಯಕ್ಕಾಗಿ ಈ ಗೌರವ ಅವರಿಗಿಂತ ಮೊದಲು ದೊರೆತದ್ದು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಹಾಗೂ ‘ಹಸೀನಾ’ದ ತಾರಾ ಅವರಿಗೆ. ಪ್ರಶಸ್ತಿ ಬಂದಾಗ ಅವರಿಗೆ ಐವತ್ತು ದಾಟಿತ್ತು. ಹಿಂದೆ ಮೂಗು ಮುರಿದಿದ್ದ ಅನೇಕರು ಆಗ ಹಾರ ಹಿಡಿದು ಬಂದರು. ಲೋಕದ ರೀತಿ ಹಾಗೆಯೇ.

ಕಾಸರವಳ್ಳಿಯವರೊಂದಿಗಿನ ಮತ್ತೊಂದು ಚಿತ್ರ ‘ಕನಸೆಂಬೋ ಕುದುರೆಯನೇರಿ’ ಉತ್ತರ ಕರ್ನಾಟಕದ ನೆಲದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅಮರೇಶ ನುಗಡೋಣಿಯವರ ‘ಸವಾರಿ’ ಕಥೆ ಇದಕ್ಕೆ ಆಧಾರ. ಕುಣಿ ತೋಡುವ ಈರ್‍ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲೊಂದು ಸಾವಾಗಿದೆಯೆಂದೇ ಅರ್ಥ. ಗೌಡರ ಮನೆಯ ಸಾವನ್ನು ಮುಚ್ಚಿಟ್ಟಾಗ ಅವನ ಕನಸೇ ಸುಳ್ಳಾದಂತಾಗಿ, ಬಡವನ ನಂಬಿಕೆಯ ಬುಡ ಅಲುಗುತ್ತದೆ. ಬೀದರ ಸೀಮೆಯ ವೈಜನಾಥ ಬಿರಾದಾರರು ಈರ್‍ಯಾ, ಉಮಾಶ್ರೀ ಅವನ ಹೆಂಡತಿ ರುದ್ರಿ. ಮೈಸೂರು ಸೀಮೆಯ ಸಾಕವ್ವ, ಕರಾವಳಿಯ ಗುಲಾಬಿ, ಬಯಲುಸೀಮೆಯ ರುದ್ರಿ: ಮೂವರ ಕನ್ನಡವೂ ಬೇರೆ ಬೇರೆ. ಬಿರಾದಾರರೂ ವರ್ಷಗಟ್ಟಲೆ ಭಿಕ್ಷುಕನ, ಕುಡುಕನ ಸಣ್ಣ ಪಾತ್ರಗಳಲ್ಲೇ ಕಳೆದವರು. ಹಾಸ್ಯಕ್ಕೆಂದು ಬದಿಗಿಟ್ಟ ಇಬ್ಬರು ಕಲಾವಿದರು ಸೇರಿ ಒಂದು ಗಂಭೀರ ಚಿತ್ರದ ಭಾರವನ್ನು ಹೊತ್ತರು.

ರಾಜಕೀಯ ಜೀವನದ ವಿವರ ಈ ಲೇಖನದ ವ್ಯಾಪ್ತಿಗೆ ಮೀರಿದ್ದು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ, ಅಲ್ಲಮಪ್ರಭು ದೇವಸ್ಥಾನವಿರುವ ನೇಕಾರರ ಸೀಮೆಯಿಂದ, ವಿಧಾನಸಭೆಗೆ ಆಯ್ಕೆಯಾಗಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾದರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇಂದಿನ ಮಕ್ಕಳು ಅವರನ್ನು ಗುರುತಿಸುವುದು ಪುಟ್ಟಕ್ಕನೆಂದು. 2021ರ ಡಿಸೆಂಬರಿನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ತಾಯಿ ಆಕೆ. ಗಂಡುಮಗು ಹೆರಲಿಲ್ಲವೆಂದು ಗಂಡ ಮತ್ತೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಧಾರಾವಾಹಿಗಳ ಎಳೆತ, ಹಿನ್ನೆಲೆ ಸಂಗೀತದ ಅಬ್ಬರ ಇದರಲ್ಲೂ ಇಲ್ಲದಿಲ್ಲ. ಕಿರುತೆರೆಯ ಅಭಿನಯದ ಕಷ್ಟವೂ ಬೇರೆಯದೇ. ನಾಟಕ ಒಂದು ರಾತ್ರಿಗೆ ಮುಗಿಯುತ್ತದೆ, ಚಿತ್ರ ಕೆಲವು ತಿಂಗಳಿಗೆ. ಧಾರಾವಾಹಿಯಲ್ಲಿ ಅದೇ ಸೀರೆ, ಅದೇ ಅಡುಗೆಮನೆ, ಅದೇ ದುಃಖವನ್ನು ವರ್ಷಗಟ್ಟಲೆ ಹೊಸದೆಂಬಂತೆ ಹೊರಬೇಕು. ಉಮಾಶ್ರೀಯವರ ಮುಖದಲ್ಲಿ ದಣಿವು ಕಂಡಾಗಲೂ ಅದು ಪುಟ್ಟಕ್ಕನ ದಣಿವೆಂದೇ ತೋರುತ್ತದೆ. ಸಂಜೆಯ ಇಷ್ಟಲಿಂಗ ಪೂಜೆಯನ್ನು ಪುಟ್ಟಕ್ಕನ ಹೊತ್ತಿಗೆ ಮೊದಲೇ ಮುಗಿಸಿಕೊಳ್ಳುತ್ತಿದ್ದ ತಾಯಂದಿರು ನಮ್ಮಲ್ಲಿ ಇರಲಿಲ್ಲವೆನ್ನಲಾಗದು.

ಕಿರುತೆರೆ ಮನೆಮನೆಗೆ ಮುಟ್ಟಿಸಿದ ಮೇಲೂ ಅವರು ರಂಗವನ್ನು ಬಿಡಲಿಲ್ಲ. ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದಲ್ಲಿ, ಮಹಾಭಾರತದಲ್ಲಿ ದಾಸಿಯಾಗಿ ಬದುಕಬೇಕಾಗಿ ಬಂದ ರಾಜಪುತ್ರಿಯ ಪಾಡನ್ನು ಒಬ್ಬರೇ ರಂಗದಲ್ಲಿ ನಿಂತು ಹೇಳಿದರು. 2025ರ ಜನವರಿಯಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಹೊನ್ನಾವರದಲ್ಲಿ ನಡೆದ ಪೆರ್ಡೂರು ಮೇಳದ ಪ್ರದರ್ಶನದಲ್ಲಿ ಗೂನುಬೆನ್ನಿನ ಮಂಥರೆಯಾಗಿ ಮೊದಲ ಬಾರಿಗೆ ಯಕ್ಷಗಾನದ ರಂಗಸ್ಥಳವನ್ನೂ ಏರಿದರು.