ಹೇರಳೆ

ಹಿರಿದೆಂಬ ಅರ್ಥದ ‘ಪೇರ್’ ಎಂಬುದಕ್ಕೆ, ನಿಂಬೆಯ ಕುಲದ ಫಲಗಳಿಗೆ ಹಳೆಯ ಕನ್ನಡದಲ್ಲಿದ್ದ ‘ಈಳೆ’ ಎಂಬ ಹೆಸರು ಕೂಡಿ ‘ಪೇರೀಳೆ’ಯಾಗಿ, ಪಕಾರವು ಹಕಾರಕ್ಕೆ ತಿರುಗಿದ ಮೇಲೆ ‘ಹೇರೀಳೆ’ಯಾಗಿ, ನಡುವಣ ದೀರ್ಘವು ಜನರ ನಾಲಗೆಯಲ್ಲಿ ಸವೆದು ‘ಹೇರಳೆ’ಯೆಂದು ನಿಂತಿತು; ‘ಕಿರಿದು’ ಎಂಬುದರೊಡನೆ ಸೇರಿದ ಈಳೆಯೇ ಕಿತ್ತೀಳೆ, ಅಂದರೆ ಇಂದಿನ ಕಿತ್ತಳೆ. ಕಿರಿಯಳು ಮಾಧುರ್ಯದ ಬಲದಿಂದ ಪೇಟೆಯನ್ನು ಸೇರಿದಳು. ಕಹಿಯೂ ಹುಳಿಯೂ ಬೆರೆತ ಹಿರಿಯಳು ಹಿತ್ತಿಲನ್ನು ಬಿಡಲಿಲ್ಲ. ಮಾದಲವನ್ನೂ ಕೆಲವರು ಹೇರಳೆಯೆಂದೇ ಕರೆಯುವುದುಂಟಾದರೂ, ಸಂಸ್ಕೃತದ ಮಾತುಲುಂಗವೆನಿಸಿದ ಆ ದಪ್ಪಸಿಪ್ಪೆಯ ಫಲವು ಬೇರೆಯೇ. ಎಲೆಯ ತೊಟ್ಟಿನ ಇಕ್ಕೆಲದಲ್ಲಿ ರೆಕ್ಕೆಯಂತೆ ಹರಡಿದ ಪುಟ್ಟ ಪತ್ರವನ್ನು ಕಂಡರೆ ಹೇರಳೆಯ ಗುರುತು ಸಿಕ್ಕಿದಂತೆ.

ಲಕ್ಷ್ಮೇಶ್ವರದ ಸೀಮೆಯ ಯಳವತ್ತಿಯಂತಹ ಊರಿನಲ್ಲಿ ಇದನ್ನು ಬೆಳೆಸಬಯಸುವವರು, ಅಲ್ಲಿನ ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಬಿಡದೆ ಹಿಡಿದು ಬೇರನ್ನು ಕೊಳೆಯಿಸುವುದರಿಂದ, ಮಸಾರಿ ಮಣ್ಣನ್ನು ಬೆರೆಸಿ ಎತ್ತರಿಸಿದ ದಿಬ್ಬದ ಮೇಲೆ ಸಸಿಯನ್ನು ನೆಡುವುದು ಲೇಸು. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಹೊರಡುವುದೂ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಗುಣವನ್ನೇ ತಳೆಯುವುದೂ ಈ ಜಾತಿಯ ವೈಶಿಷ್ಟ್ಯ. ಆದಕಾರಣ ಕಸಿಯಿಲ್ಲದೆಯೂ ನೆಚ್ಚಿಕೆಯ ಮರವನ್ನು ಪಡೆಯಬಹುದು. ಸ್ಪೇನಿನ ಸೆವಿಲ್ ನಗರದ ಇಂತಹ ಹಣ್ಣನ್ನು ಆಂಗ್ಲರು ಸಕ್ಕರೆಯಲ್ಲಿ ಕುದಿಸಿ ಮಾರ್ಮಲೇಡ್ ಮಾಡಿದರು; ನಮ್ಮವರು ಉಪ್ಪನ್ನು ನೆಚ್ಚಿದರು, ಅದೇ ಉಚಿತವೆಂದು ನನ್ನ ಮತ. ಹೋಳುಗಳನ್ನು ಉಪ್ಪಿನೊಡನೆ ಭರಣಿಯಲ್ಲಿ ತುಂಬಿ ಬಿಸಿಲಿಗಿಟ್ಟರೆ ಸಿಪ್ಪೆಯು ಮೆತ್ತಗಾಗಿ, ಕಹಿಯು ಇಳಿದು, ಜೋಳದ ರೊಟ್ಟಿಗೆ ತಕ್ಕ ಉಪ್ಪಿನಕಾಯಾಗುವುದು. ಚಿತ್ರಾನ್ನಕ್ಕಾದರೋ ಒಗ್ಗರಣೆಯನ್ನು ಒಲೆಯಿಂದಿಳಿಸಿದ ತರುವಾಯವೇ ರಸವನ್ನು ಹಿಂಡಬೇಕು.